ಗಾಡಿ ಟಾಪ್ ಮಟ ಹೋಗ್ತೈತೇನ್ರಿ ಅಂತ ಕೇಳಿದ ತಮ್ಮನಿಗೆ

ಭಾನುವಾರ ಭಾನುವಾರ ಕಪ್ಪತಗುಡ್ಡಕ್ಕೆ ಬರುವ ಹುಬ್ಬಳ್ಳಿ-ಧಾರವಾಡದ ಹುಡುಗ ಹುಡುಗಿಯರಿಗೆ,

ನಮಸ್ಕಾರ. ನಾನು ಗದಗ ಜಿಲ್ಲೆಯಲ್ಲಿ, ಕಪ್ಪತಗುಡ್ಡದ ಹತ್ತಿರದ ಡಂಬಳದವನು. ಸಣ್ಣದೊಂದು ಕಿರಾಣಿ ಅಂಗಡಿ ಇಟ್ಟುಕೊಂಡಿದ್ದೇನೆ. ಡೋಣಿ ಕಡೆಯಿಂದ ಗುಡ್ಡ ಹತ್ತುವವರಲ್ಲಿ ಎಷ್ಟೋ ಮಂದಿ ನನ್ನ ಅಂಗಡಿ ಮುಂದೆ ಗಾಡಿ ನಿಲ್ಲಿಸಿ ನೀರು, ಚಿಪ್ಸ್, ಬಿಸ್ಕಿಟ್ ತಗೊಂಡು ಹೋಗುತ್ತೀರಿ. ಮಳೆಗಾಲದ ಭಾನುವಾರ ನನಗೆ ಸಂತೆ ದಿನಕ್ಕಿಂತ ಜಾಸ್ತಿ ವ್ಯಾಪಾರ. ಹಾಗಾಗಿ ಈ ಪತ್ರ ಬರೆದರೆ ನಷ್ಟ ನನಗೇ. ನನ್ನ ಮಗನೂ ಅದನ್ನೇ ಹೇಳಿದ: "ಅಪ್ಪಾ, ಗಿರಾಕಿಗೆ ಯಾರರ ಬುದ್ಧಿ ಹೇಳ್ತಾರೇನು?" ಬುದ್ಧಿ ಹೇಳುತ್ತಿಲ್ಲ ಮಾರಾಯ ಎಂದೆ. ಒಬ್ಬ ಹುಡುಗ ಒಂದು ಪ್ರಶ್ನೆ ಕೇಳಿದ್ದ. ಅವತ್ತು ಅರ್ಧ ಉತ್ತರ ಕೊಟ್ಟೆ. ಉಳಿದರ್ಧ ಇಲ್ಲಿದೆ.

ಶ್ರಾವಣದ ಒಂದು ಭಾನುವಾರ. ಆರು ಬೈಕು, ಹನ್ನೊಂದು ಮಂದಿ. ನೀಲಿ ಅಂಗಿಯ ಹುಡುಗ ಅಂಗಡಿಗೆ ಬಂದ. ಕಿತ್ತಳೆ ಚೌಕಟ್ಟಿನ ಕೂಲಿಂಗ್ ಗ್ಲಾಸ್ ತಲೆ ಮೇಲೆ ಏರಿಸಿಕೊಂಡಿದ್ದ. ಎಂಟು ಬಾಟಲಿ ನೀರು ತಗೊಂಡ, ಫೋನಿನಲ್ಲೇ ರೊಕ್ಕ ಹಾಕಿದ. ಆಮೇಲೆ ಕೇಳಿದ: "ಅಂಕಲ್, ಗಾಡಿ ಟಾಪ್ ಮಟ ಹೋಗ್ತೈತೇನ್ರಿ?"

"ಹೋಗ್ತೈತಪಾ" ಎಂದೆ.

"ಬೇಷ್ ಆತು. ಮಧ್ಯಾಹ್ನ ಊಟಕ್ಕ ಹುಬ್ಬಳ್ಳಿ ಮುಟ್ಟಬೇಕು."

ಹೋದರು. ಎರಡು ತಾಸು ಆಗುವುದರೊಳಗೆ ನನ್ನ ಅಂಗಡಿ ಮುಂದಿನಿಂದಲೇ ವಾಪಸ್ ಹೋದರು. ಹುಬ್ಬಳ್ಳಿಯಿಂದ ಗದಗಿಗೇ ಸುಮಾರು 60 ಕಿಲೋಮೀಟರ್. ಅಲ್ಲಿಂದ ಡಂಬಳಕ್ಕೆ ಮತ್ತೆ ಇಪ್ಪತ್ತಕ್ಕೂ ಹೆಚ್ಚು. ಇಷ್ಟು ದೂರ ಬಂದು ಗುಡ್ಡದ ಮೇಲೆ ನಿಂತದ್ದು ಎಷ್ಟು ಹೊತ್ತು ಅಂತ ನೀವೇ ಲೆಕ್ಕ ಹಾಕಿ.

ಮರುದಿನ ಸೋಮವಾರ. ಶ್ರಾವಣ ಸೋಮವಾರ ಕಪ್ಪತ ಮಲ್ಲೇಶ್ವರನ ದರ್ಶನಕ್ಕೆ ನಡೆದು ಹೋಗುವುದು ನಮ್ಮ ಮನೆಯ ಪದ್ಧತಿ. ದರ್ಶನ ಮುಗಿಸಿ ಗುಡ್ಡದ ಮೇಲಿನ ಗಾಳಿಗುಂಡಿ ಬಸವಣ್ಣನ ಗುಡಿ ಕಡೆ ಹೋದೆ. ಅಲ್ಲಿ ಕಲ್ಲಿನ ಸಂದಿಯಲ್ಲಿ ಐದು ಖಾಲಿ ಬಾಟಲಿ ಇದ್ದವು. ಆ ವಾರ ನನ್ನ ಅಂಗಡಿಗೆ ಹೊಸ ಕಂಪನಿಯ ನೀರು ಬಂದಿತ್ತು, ಊರಲ್ಲಿ ಬೇರೆ ಯಾರೂ ಅದನ್ನು ಇಟ್ಟಿರಲಿಲ್ಲ. ಅಂದರೆ ಅವು ನನ್ನವೇ. ಮಾರಿದವನು ನಾನು, ಕುಡಿದವರು ನೀವು, ಹೊತ್ತುಕೊಂಡು ಇಳಿದವನು ಮತ್ತೆ ನಾನೇ. ಸಿಟ್ಟು ಬಂತು. ಯಾರ ಮೇಲೆ ಅಂತ ಮಾತ್ರ ತಿಳಿಯಲಿಲ್ಲ. ಪ್ರತಿ ಬಾಟಲಿಗೆ ನಾನೂ ಲಾಭ ತಗೊಂಡಿದ್ದೆನಲ್ಲ.

ಆದರೆ ಈ ಪತ್ರ ಬಾಟಲಿಯ ಬಗ್ಗೆ ಅಲ್ಲ. ಬಾಟಲಿ ವಿಷಯ ಎಲ್ಲರೂ ಹೇಳುತ್ತಾರೆ. ನನ್ನ ತಕರಾರು ಗಾಡಿಯದು.

ನಮ್ಮ ಕಡೆ ಒಂದು ಮಾತಿದೆ. ಎಪ್ಪತ್ತು ಗಿರಿ ನೋಡುವುದಕ್ಕಿಂತ ಒಂದು ಕಪ್ಪತಗಿರಿ ನೋಡಬೇಕು ಅಂತ. ಸಣ್ಣವನಿದ್ದಾಗ ನನಗೆ ಇದು ಊರ ಅಭಿಮಾನದ ಮಾತು ಅನಿಸುತ್ತಿತ್ತು. ಮೇಲಿನಿಂದ ಕಾಣುವುದಾದರೂ ಏನು? ಎರೆ ಹೊಲ, ಹೆಸರು, ಶೇಂಗಾ, ನಮ್ಮೂರ ಕೆರೆ, ಸಾಲು ಸಾಲು ಗಾಳಿಯಂತ್ರ. ಚೆಂದ ಇದೆ, ಸುಳ್ಳಲ್ಲ. ಆದರೆ ಎಪ್ಪತ್ತು ಗಿರಿ ಬಿಟ್ಟು ಬರುವಷ್ಟು ಚೆಂದವೇ? ಈ ಮಾತು ಕಟ್ಟಿದವರು ಮೇಲೆ ನಿಂತು ಕಟ್ಟಿದ್ದಲ್ಲ ಅಂತ ನನಗೆ ಗೊತ್ತಾಗಿದ್ದು ಬಹಳ ತಡವಾಗಿ. ಅದನ್ನು ತೋರಿಸಿಕೊಟ್ಟವರು ಡೋಣಿ ಕಡೆಯ ಒಬ್ಬ ಕುರಿ ಕಾಯುವ ಹಿರಿಯರು. ನಾವು ಅವರನ್ನು ಕಾಕಾ ಅನ್ನುತ್ತಿದ್ದೆವು. ಈಗ ಇಲ್ಲ.

ಕಾಕಾನ ಜೊತೆ ಹತ್ತುವುದೆಂದರೆ ಮೊದಲು ಕಲ್ಲಿನ ಪಾಠ. ನಮ್ಮ ಗುಡ್ಡದ ಕಲ್ಲು ಹೊಳೆಯ ಉರುಟು ಕಲ್ಲಲ್ಲ. ಒಡೆದ ಹೆಂಚಿನಂತೆ ಚೂಪು. ಕಪ್ಪು, ಕೆಂಪು ಪಟ್ಟೆ ಪಟ್ಟೆ. ಒಂದು ಎತ್ತಿ ನೋಡಿ, ಕಣ್ಣಿಗೆ ಕಂಡದ್ದಕ್ಕಿಂತ ಕೈಗೆ ಭಾರ. ಒಳಗೆ ಕಬ್ಬಿಣ ಇದೆ. 250 ಕೋಟಿ ವರ್ಷಕ್ಕಿಂತ ಹಳೆಯ ಕಲ್ಲಿದು. ಸುತ್ತಲಿನ ಮೆತ್ತನೆಯ ಕಲ್ಲು ಮಳೆ ಗಾಳಿಗೆ ಕರಗಿ ಹೋಯಿತು, ಕಬ್ಬಿಣದ ಗಟ್ಟಿ ಪಟ್ಟೆ ಬೆನ್ನು ಹುರಿಯಂತೆ ಉಳಿಯಿತು. ಅದೇ ನಾವು ಹತ್ತುವ ಗುಡ್ಡದ ಏಣು. ಹಾಗಾಗಿ ದಾರಿ ಮೆತ್ತಗೆ ಏರುವುದಿಲ್ಲ. ಒಂದು ಏಣು ಹತ್ತಿದೆ ಅಂದುಕೊಂಡರೆ ಮುಂದೆ ಕೊಳ್ಳ, ಅದರ ಆಚೆ ಇನ್ನೊಂದು ಏಣು. ಕಾಲಿಟ್ಟಲ್ಲಿ ಕಲ್ಲು ಜರಿಯುತ್ತದೆ. ಹತ್ತುವುದಕ್ಕಿಂತ ಇಳಿಯುವಾಗ ಮೊಣಕಾಲು ಜಾಸ್ತಿ ಬೈಯುತ್ತದೆ. ಕಾಕಾ ಮಾತ್ರ ಟಯರ್ ಚಪ್ಪಲಿಯಲ್ಲೇ ಸರಸರ ನಡೆಯುತ್ತಿದ್ದರು. ಕುರಿ ಹೆಜ್ಜೆ ಇಟ್ಟಲ್ಲಿ ಹೆಜ್ಜೆ ಇಡು, ಕಲ್ಲು ಅಲುಗುವುದಿಲ್ಲ ಅನ್ನುತ್ತಿದ್ದರು.

ಮಳೆಗಾಲ ಮುಗಿಯುತ್ತ ಬಂದಾಗ ಹುಲ್ಲು ಸೊಂಟದ ತನಕ ಬರುತ್ತದೆ. ಬಾದೆ ಹುಲ್ಲು. ದೂರದಿಂದ ನೋಡಿದರೆ ಇಡೀ ಗುಡ್ಡಕ್ಕೆ ಹಸಿರು ಕಂಬಳಿ ಹೊದಿಸಿದಂತೆ ಕಾಣುತ್ತದೆ. ನೀವು ಫೋಟೋ ತೆಗೆಯುವುದು ಅದನ್ನೇ. ಹತ್ತಿರ ಹೋದರೆ ಅದರೊಳಗೆ ತಂಗಟಿ, ಬಂದರಿಕಿ, ಕವಳಿ ಕಂಟಿ, ಬಾರಿ ಕಂಟಿ, ಸೀತಾಫಲ. ಕಾಕಾ ಪ್ರತಿಯೊಂದಕ್ಕೂ ಹೆಸರು ಹೇಳುತ್ತಿದ್ದರು. ಯಾವುದು ಕುರಿಯ ಹೊಟ್ಟೆ ಉಬ್ಬರಕ್ಕೆ, ಯಾವುದು ಮನುಷ್ಯರ ಕೆಮ್ಮಿಗೆ ಎಂಬುದನ್ನೂ ಹೇಳುತ್ತಿದ್ದರು. ಅರ್ಧ ನಂಬುತ್ತಿದ್ದೆ, ಅರ್ಧ ಇಲ್ಲ. ಒಂದು ದಿನ ಒಂದು ಬಳ್ಳಿಯ ಎಲೆ ಕೊಟ್ಟು ಅಗಿ ಅಂದರು. ಕಹಿ. ಉಗುಳಿದೆ. ಬುತ್ತಿಯಿಂದ ಬೆಲ್ಲದ ಚೂರು ತೆಗೆದು ಬಾಯಿಗಿಟ್ಟರು. ಉಸುಕು! ಬೆಲ್ಲ ಬಾಯಲ್ಲಿ ಕರಗುತ್ತಿದೆ, ಸಿಹಿ ಮಾತ್ರ ಇಲ್ಲವೇ ಇಲ್ಲ. ನನ್ನ ಮುಖ ನೋಡಿ ಕಾಕಾ ಹೊಟ್ಟೆ ಹಿಡಿದುಕೊಂಡು ನಕ್ಕರು. ಮಧುನಾಶಿನಿ ಎಲೆ ಅದು. ನಾಲಿಗೆಗೆ ಸಿಹಿ ತಿಳಿಯುವ ಶಕ್ತಿಯನ್ನೇ ಸ್ವಲ್ಪ ಹೊತ್ತು ಕಟ್ಟಿಹಾಕುತ್ತದೆ. ಕಿರಾಣಿ ಅಂಗಡಿಯವನು ನಾನು, ದಿನಾ ಬೆಲ್ಲ ತೂಗುವವನು. ಅವತ್ತಿನಿಂದ ಕಾಕಾ ಹೇಳಿದ್ದನ್ನು ಪೂರ್ತಿ ನಂಬತೊಡಗಿದೆ. (ಅದು ಆಗಿನ ಮಾತು. ಈಗ ಒಂದು ಎಲೆ ಕಿತ್ತರೂ ಅಪರಾಧ. ನೋಡಿ, ಕೀಳಬೇಡಿ.)

ಬೈಕಿನ ಮೇಲೆ ಹೋದವರಿಗೆ ಆ ಬಳ್ಳಿ ಹಸಿರು ಗೆರೆಯಷ್ಟೇ.

ಇನ್ನು ಚಿನ್ನದ ಕಥೆ. ಹಿಂದೆ ಡೋಣಿ ಹಳ್ಳದಲ್ಲಿ ಜೋರು ಮಳೆಯಾದ ಮೇಲೆ ಜಾಲಗಾರರು ಉಸುಕು ತೊಳೆದು ಚಿನ್ನದ ಕಣ ಆರಿಸುತ್ತಿದ್ದರು. ರಾಬರ್ಟ್ ಬ್ರೂಸ್ ಫೂಟ್ ಎಂಬ ಭೂವಿಜ್ಞಾನಿ 1874ರಲ್ಲಿ ಡಂಬಳದ ಗುಡ್ಡಗಳ ಚಿನ್ನದ ಕಲ್ಲಿನ ಬಗ್ಗೆ ಬರೆದರು. ಮದ್ರಾಸಿನ ಹತ್ತಿರ ಆದಿಮಾನವನ ಕಲ್ಲಿನ ಕೊಡಲಿ ಹುಡುಕಿದವರೂ ಅವರೇ. 20ನೇ ಶತಮಾನದ ಆರಂಭದಲ್ಲಿ ಕಬಲಾಯತಕಟ್ಟಿ, ಹೊಸೂರು ಕಡೆ ಕಂಪನಿಗಳು ಬಂದು ಗಣಿ ತೋಡಿದವು. ಕೆಲವೇ ವರ್ಷಕ್ಕೆ ಬಿಟ್ಟುಹೋದವು. ಗುಡ್ಡದ ಹೊಟ್ಟೆಯಲ್ಲಿ ಏನಿದೆ ಎಂಬ ಸುದ್ದಿ ಮಾತ್ರ ಬಿಟ್ಟುಹೋಗಲಿಲ್ಲ. ಆಗಾಗ ಯಾರಾದರೂ ಬರುತ್ತಲೇ ಇದ್ದರು.

2011ರಲ್ಲಿ ಹಳ್ಳಿಗುಡಿ ಕಡೆ ದೊಡ್ಡದೊಂದು ಉಕ್ಕಿನ ಕಾರ್ಖಾನೆ ಬರುತ್ತದೆ ಅಂತ ಆಯಿತು. ರೈತರು ಎದ್ದರು. ಅವರ ಮುಂದೆ ನಿಂತವರು ಗದಗ ತೋಂಟದಾರ್ಯ ಮಠದ ಸಿದ್ಧಲಿಂಗ ಸ್ವಾಮೀಜಿ. ಕಾರ್ಖಾನೆ ಬರಲಿಲ್ಲ. ಗುಡ್ಡದ ಹೋರಾಟ ಇನ್ನೂ ಉದ್ದ. 2015ರ ಡಿಸೆಂಬರಿನಲ್ಲಿ ಸರ್ಕಾರ 17,872 ಹೆಕ್ಟೇರ್ ಗುಡ್ಡವನ್ನು ಸಂರಕ್ಷಿತ ಪ್ರದೇಶ ಅಂತ ಘೋಷಿಸಿತು. ಒಂದು ವರ್ಷ ತುಂಬುವ ಮೊದಲೇ, 2016ರ ನವೆಂಬರಿನಲ್ಲಿ, ಅದನ್ನು ವಾಪಸ್ ತಗೊಂಡಿತು. 2017ರ ಫೆಬ್ರುವರಿಯಲ್ಲಿ ಗದಗಿನಲ್ಲಿ ಹಗಲು ರಾತ್ರಿ ಧರಣಿ ನಡೆಯಿತು. ನಾನೂ ಅಂಗಡಿ ಮುಚ್ಚಿ ಒಂದು ರಾತ್ರಿ ಅಲ್ಲೇ ಮಲಗಿದ್ದೆ. ಧಾರವಾಡದ ಪರಿಸರ ಹೋರಾಟಗಾರ ಎಸ್.ಆರ್. ಹಿರೇಮಠರು ಈ ಹೋರಾಟದಲ್ಲಿ ಇದ್ದರು ಅಂತ ಧಾರವಾಡದ ಹುಡುಗರಿಗಾದರೂ ಗೊತ್ತಿರಲಿ. ಆ ಏಪ್ರಿಲಿನಲ್ಲಿ ಸರ್ಕಾರ ಮತ್ತೆ ಘೋಷಣೆ ಮಾಡಿತು. 2019ರ ಮೇ ತಿಂಗಳಲ್ಲಿ 244 ಚದರ ಕಿಲೋಮೀಟರ್ ಗುಡ್ಡ ವನ್ಯಜೀವಿಧಾಮ ಆಯಿತು. ಸ್ವಾಮೀಜಿ ಅದನ್ನು ನೋಡಲಿಲ್ಲ. 2018ರ ಅಕ್ಟೋಬರಿನಲ್ಲಿ ಲಿಂಗೈಕ್ಯರಾಗಿದ್ದರು.

ಆ ರಾತ್ರಿ ಧರಣಿಯಲ್ಲಿ ನನ್ನ ಪಕ್ಕ ಮಲಗಿದ್ದವರು ಕಾಕಾ. ಅವರಿಗೆ ಹೆಕ್ಟೇರ್ ಗೊತ್ತಿರಲಿಲ್ಲ, ಅಧಿಸೂಚನೆ ಗೊತ್ತಿರಲಿಲ್ಲ. ಗುಡ್ಡ ಕಾಯ್ದಿಟ್ಟರೆ ತನ್ನ ಕುರಿಗೇ ಮುಂದೆ ಮೇವು ಸಿಗಲಿಕ್ಕಿಲ್ಲ ಎಂಬುದು ಮಾತ್ರ ಗೊತ್ತಿತ್ತು. "ಮತ್ತ ಯಾಕ ಬಂದಿ ಕಾಕಾ?" ಅಂತ ಕೇಳಿದೆ. "ನಲವತ್ತು ವರ್ಷ ತುಳದೇನಿ ಅದನ್ನ" ಅಂದರು. ಅಷ್ಟೇ. ಕಂಬಳಿ ಎಳೆದುಕೊಂಡು ಆ ಕಡೆ ಹೊರಳಿದರು.

ತಮ್ಮಾ, ಗಾಡಿ ಟಾಪ್ ಮಟ ಹೋಗುತ್ತದೆ ಅಂದೆನಲ್ಲ, ಆಗ ಹೇಳದೆ ಉಳಿಸಿಕೊಂಡದ್ದು ಇದು. ಗಾಡಿ ಹೋಗುತ್ತದೆ. ನೀನು ಹೋಗುವುದಿಲ್ಲ. ಅರ್ಧ ತಾಸಿನಲ್ಲಿ ಮುಟ್ಟಿದ ಜಾಗಕ್ಕಾಗಿ ಯಾರೂ ಒಂದು ರಾತ್ರಿ ಬಯಲಲ್ಲಿ ಮಲಗುವುದಿಲ್ಲ.

ಹಾಗಂತ ಎಲ್ಲರೂ ನಡೆಯಲೇಬೇಕು ಅನ್ನುವಷ್ಟು ಕಲ್ಲು ಮನಸ್ಸಿನವನಲ್ಲ ನಾನು. ವಯಸ್ಸಾದವರು, ಕಾಲು ನೋವಿನವರು ದೇವರ ದರ್ಶನಕ್ಕೆ ಗಾಡಿಯಲ್ಲಿ ಬರುತ್ತಾರೆ, ಬರಲಿ. ನಾನು ಹೇಳುತ್ತಿರುವುದು ಇಪ್ಪತ್ತೆರಡರ ಹುಡುಗರಿಗೆ. ಜಿಮ್‌ಗೆ ರೊಕ್ಕ ಕೊಟ್ಟು ಯಂತ್ರದ ಮೇಲೆ ನಡೆಯುತ್ತೀರಿ, ಗುಡ್ಡಕ್ಕೆ ಬಂದು ಗಾಡಿ ಮೇಲೆ ಕೂಡುತ್ತೀರಿ. ಇದೆಂಥಾ ಲೆಕ್ಕ?

ನಡೆಯುವವರಿಗೆ ನನ್ನ ತಪ್ಪಿನಿಂದಲೇ ಶುರು ಮಾಡಿ ಒಂದೆರಡು ಮಾತು. ಒಂದು ಏಪ್ರಿಲ್‌ನಲ್ಲಿ ಸುಮ್ನೆ ಹುಮ್ಮಸ್ಸಿಗೆ ಬಿದ್ದು ಹತ್ತು ಗಂಟೆಗೆ ಹೊರಟೆ. ಜೊತೆಗೆ ಒಂದೇ ಬಾಟಲಿ ನೀರು. ನಮ್ಮ ಗದಗಿಗೆ ವರ್ಷಕ್ಕೆ ಬೀಳುವ ಮಳೆಯೇ 60-65 ಸೆಂಟಿಮೀಟರ್. ಇದನ್ನು ಉತ್ತರ ಕರ್ನಾಟಕದ ಸಹ್ಯಾದ್ರಿ ಅಂತ ಕರೆಯುತ್ತಾರೆ, ನನಗೆ ಆ ಹೆಸರು ಅಷ್ಟು ಹಿಡಿಸುವುದಿಲ್ಲ. ಸಹ್ಯಾದ್ರಿ ಅಂದುಕೊಂಡು ಬಂದವನು ದಾರಿಯಲ್ಲಿ ಝರಿ ಹುಡುಕುತ್ತಾನೆ. ಇಲ್ಲಿ ಬೇಸಿಗೆಯಲ್ಲಿ ಹಳ್ಳ ಪೂರ್ತಿ ಒಣಗಿರುತ್ತದೆ. ಎಲೆ ಉದುರಿ ನೆರಳೂ ಇರುವುದಿಲ್ಲ. ಕಬ್ಬಿಣದ ಕಲ್ಲು ಹೆಂಚಿನಂತೆ ಕಾಯುತ್ತದೆ. ಎರಡನೇ ಏಣು ದಾಟುವಾಗ ಕಣ್ಣು ಕತ್ತಲು ಬಂತು. ಒಂದು ಕಲ್ಲಿನ ಸಣ್ಣ ನೆರಳಲ್ಲಿ ತಲೆಯನ್ನಷ್ಟೇ ಇಟ್ಟು ಮಲಗಿದೆ. ಕುರಿ ಕೆಮ್ಮಿದ ಸದ್ದು ಕೇಳಿ ಕೂಗಿದೆ. ಬಂದವರು ಕಾಕಾ ಅಲ್ಲ, ಯಾರೋ ತಾಂಡಾದ ಹುಡುಗ. ಮಜ್ಜಿಗೆ ಕುಡಿಸಿ, ಕೈ ಹಿಡಿದು ಇಳಿಸಿದ. ದಾರಿಯುದ್ದಕ್ಕೂ ಬೈದ. ಬೈಗುಳದಷ್ಟು ತಂಪು ಆವತ್ತು ಆ ಮಜ್ಜಿಗೆಯೂ ಇರಲಿಲ್ಲ.

ಅದಕ್ಕೇ ಜುಲೈಯಿಂದ ಜನವರಿ ಒಳಗೆ ಬನ್ನಿ. ಬೆಳಿಗ್ಗೆ ಬೇಗ ಹೊರಡಿ, ಬಿಸಿಲೇರುವ ಮೊದಲು ಇಳಿಯಿರಿ. ಒಬ್ಬೊಬ್ಬರಿಗೆ ಮೂರು ಲೀಟರ್ ನೀರು, ಮನೆಯಿಂದಲೇ ತನ್ನಿ (ನನ್ನ ಮಗ ಇದನ್ನು ಓದಿ ಹಣೆ ಚಚ್ಚಿಕೊಂಡ). ಕಾಲು ಮುಚ್ಚುವ ಬೂಟು, ಉದ್ದ ಪ್ಯಾಂಟು. ಹುಲ್ಲಿನಲ್ಲಿ ಕೋಲು ಬಡಿಯುತ್ತ ನಡೆಯಿರಿ, ಹಾವು ತಾನಾಗೇ ಸರಿಯುತ್ತದೆ. ಆಷಾಢದ ಗಾಳಿಗೆ ಏಣಿನ ಅಂಚಿನಲ್ಲಿ ನಿಂತು ಸೆಲ್ಫಿ ಬೇಡ. ಗಾಳಿಗುಂಡಿ ಅಂತ ಹೆಸರು ಸುಮ್ನೆ ಬಂದದ್ದಲ್ಲ. ಹಾಡು ಹಚ್ಚುವ ಸ್ಪೀಕರ್ ಕೂಡ ಬಿಟ್ಟು ಬನ್ನಿ. ಇಲ್ಲಿ ತೋಳ ಇದೆ, ಕತ್ತೆಕಿರುಬ ಇದೆ, ಚಿರತೆ ಇದೆ, ಕೊಂಡುಕುರಿ ಇದೆ. ಹಗಲಲ್ಲಿ ನಿಮಗೆ ಕಾಣುವುದು ಹೆಚ್ಚೆಂದರೆ ನವಿಲು. ಆದರೆ ನಿಮ್ಮ ಹಾಡು ಅವಕ್ಕೆಲ್ಲ ಕೇಳಿಸುತ್ತದೆ.

ಅನುಮತಿ ಇಲ್ಲದೆ ಒಳಗೆ ಹೋಗಬೇಡಿ. ಇದು ವನ್ಯಜೀವಿಧಾಮ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಇದಕ್ಕೆ ಪೂರ್ತಿ ಅನ್ವಯ. ಎಲ್ಲಿ ನಡೆಯಬಹುದು, ಎಲ್ಲಿ ಬೇಡ ಅಂತ ಅರಣ್ಯ ಇಲಾಖೆಯವರನ್ನು ಕೇಳಿಯೇ ಹೊರಡಿ. ಯೂಟ್ಯೂಬ್ ನೋಡಿ ಹೊಸ ದಾರಿ ಮಾಡಬೇಡಿ.

ಮತ್ತೆ ಬೆಂಕಿ. ಇದನ್ನು ಸ್ವಲ್ಪ ಗಟ್ಟಿಯಾಗಿ ಹೇಳುತ್ತೇನೆ. ನೀವು ಫೋಟೋ ತೆಗೆದ ಅದೇ ಹಸಿರು ಹುಲ್ಲು ಫೆಬ್ರುವರಿ ಹೊತ್ತಿಗೆ ಒಣ ಕಾಗದ. ಒಂದು ಬೀಡಿ ಚೂರು ಸಾಕು. ಗಾಳಿಗೆ ಬೆಂಕಿ ಏಣಿನಿಂದ ಏಣಿಗೆ ಹಾರುತ್ತದೆ. ಸುಟ್ಟರೆ ಮುಂದಿನ ವರ್ಷ ಹುಲ್ಲು ಚೆನ್ನಾಗಿ ಚಿಗುರುತ್ತದೆ ಅಂತ ನಮ್ಮ ಕಡೆಯವರೇ ಕೆಲವರು ನಂಬಿದ್ದಾರೆ. ಆ ತಪ್ಪು ನಮ್ಮದು, ನಿಮ್ಮ ತಲೆಗೆ ಕಟ್ಟುವುದಿಲ್ಲ. ಅಂಥ ರಾತ್ರಿ ನಮ್ಮ ಅಟ್ಟದ ಮೇಲೆ ನಿಂತರೆ ಗುಡ್ಡದ ಮೇಲೆ ಕೆಂಪು ಸರ ಹಾಕಿದಂತೆ ಕಾಣುತ್ತದೆ. ದೂರದಿಂದ ಅದೂ ಚೆಂದವೇ. ಮೇಲೆ ಗಾರ್ಡುಗಳು ಹಸಿ ಟೊಂಗೆ ಹಿಡಿದು ಬಡಿಯುತ್ತಿರುತ್ತಾರೆ. ಅಗ್ನಿಶಾಮಕ ಗಾಡಿ ಆ ಕಲ್ಲು ಹತ್ತುವುದಿಲ್ಲ. ಅಲ್ಲಿಗೆ ಕಾಲೇ ಗತಿ. ನೆಲದ ಮೇಲೆ ಮೊಟ್ಟೆ ಇಡುವ ಹಕ್ಕಿ, ಆಮೆ, ಹೊಸ ಸಸಿ ಎಲ್ಲ ಅದರಲ್ಲೇ ಹೋಗುತ್ತವೆ. ಮಧುನಾಶಿನಿಯೂ.

ಇಲಾಖೆಯ ದೊಡ್ಡವರು ಯಾರಾದರೂ ಇದನ್ನು ಓದಿದರೆ ಅವರಲ್ಲೂ ಒಂದು ವಿನಂತಿ. 2024ರ ಜನವರಿ ಕೊನೆಯಲ್ಲಿ ಕುಮಾರಪರ್ವತದ ದಾರಿಯಲ್ಲಿ ಜಾತ್ರೆಯಂತೆ ಜನ ತುಂಬಿದ್ದನ್ನು ನಾವೆಲ್ಲ ಮೊಬೈಲಿನಲ್ಲಿ ನೋಡಿದೆವು. ಆಮೇಲೆ ಆನ್‌ಲೈನ್ ಬುಕಿಂಗ್, ದಿನಕ್ಕೆ ಇಷ್ಟೇ ಮಂದಿ ಎಂಬ ಮಿತಿ ಬಂತು. ನಮ್ಮ ಗುಡ್ಡಕ್ಕೆ ಅಂಥ ದಿನ ಬರುವ ಮೊದಲೇ ಲೆಕ್ಕ ಗಟ್ಟಿ ಮಾಡಿ. ಶೋಕಿಗೆ ಬರುವ ಗಾಡಿಗಳನ್ನು ಬುಡದಲ್ಲೇ ನಿಲ್ಲಿಸಿ. ನಡೆಯುವವರಿಗೆ ಒಂದು ದಾರಿ ಗೊತ್ತು ಮಾಡಿ. ಜೊತೆಗೆ ಡೋಣಿ, ಕಡಕೋಳ, ಅತ್ತಿಕಟ್ಟಿ ಕಡೆಯ ಒಬ್ಬ ಹುಡುಗನನ್ನೋ ಹುಡುಗಿಯನ್ನೋ ಕೂಲಿ ಕೊಟ್ಟು ಕಳಿಸಿ. ಕುರಿ ಮೇಯಿಸುವ ದಾರಿ ಅವರಿಗೆ ಮುಚ್ಚಿದೆ, ಗಿಡದ ಹೆಸರು ಇನ್ನೂ ಬಾಯಲ್ಲಿ ಉಳಿದಿದೆ. ಕಾಕಾನ ಜೊತೆ ಎಷ್ಟು ಹೆಸರು ಹೋದವು ಅಂತ ನನಗೆ ಗೊತ್ತು. ನನಗೇ ಮೂವತ್ತೋ ನಲವತ್ತೋ ನೆನಪಿವೆ. ಅವರಿಗೆ ಲೆಕ್ಕ ಇರಲಿಲ್ಲ.

ನನ್ನ ಕೈಯಲ್ಲಿ ಆಗುವುದನ್ನು ನಾನು ಶುರು ಮಾಡಿದ್ದೇನೆ. ಈಗ ನನ್ನ ಅಂಗಡಿಯಲ್ಲಿ ನೀರಿನ ಬಾಟಲಿ ತಗೊಂಡರೆ ಹತ್ತು ರೂಪಾಯಿ ಜಾಸ್ತಿ ಇಟ್ಟು ಹೋಗಬೇಕು. ಮುಚ್ಚಳದ ಮೇಲೆ ಪೆನ್ನಿನಿಂದ ಗುರುತು ಹಾಕಿ ಕೊಡುತ್ತೇನೆ. ಖಾಲಿ ಬಾಟಲಿ ತಂದರೆ ರೊಕ್ಕ ವಾಪಸ್. ಮೊದಲ ವಾರ ಇಬ್ಬರು ಜಗಳ ಆಡಿ ಪಕ್ಕದ ಅಂಗಡಿಗೆ ಹೋದರು. ಎರಡನೇ ವಾರ ಒಬ್ಬ ಹುಡುಗಿ ತನ್ನ ಎರಡು ಬಾಟಲಿ ಜೊತೆ ಬೇರೆಯವರ ಒಂಬತ್ತು ಹೊತ್ತು ತಂದಳು. ಅವುಗಳ ಮೇಲೆ ನನ್ನ ಗುರುತು ಇರಲಿಲ್ಲ. ಆದರೂ ಕೊಟ್ಟೆ. ಮಗ ಮತ್ತೆ ಹಣೆ ಚಚ್ಚಿಕೊಂಡ.

ಬರುವಾಗ ನಮ್ಮೂರ ದೊಡ್ಡಬಸಪ್ಪನ ಗುಡಿಯನ್ನೂ ನೋಡಿ ಹೋಗಿ. ಚಾಲುಕ್ಯರ ಕಾಲದ್ದು, 24 ಮೂಲೆಯ ನಕ್ಷತ್ರದ ಆಕಾರ. ಒಂದು ಸುತ್ತು ಹಾಕಲು ಐದು ನಿಮಿಷ ಸಾಕು. ಮೂಲೆ ಎಣಿಸುತ್ತ ಸುತ್ತಿದರೆ ಮಾತ್ರ ಲೆಕ್ಕ ತಪ್ಪಿ ಮೂರು ಸಲ ಸುತ್ತುತ್ತೀರಿ.

ನೀಲಿ ಅಂಗಿಯ ತಮ್ಮಾ, ನಿನ್ನ ಕಿತ್ತಳೆ ಕೂಲಿಂಗ್ ಗ್ಲಾಸ್ ಆ ಸೋಮವಾರ ಗಾಳಿಗುಂಡಿ ಬಸವಣ್ಣನ ಹತ್ತಿರ ಸಿಕ್ಕಿತು. ಒಂದು ಕಡ್ಡಿ ಸಡಿಲ ಆಗಿತ್ತು, ಸರಿ ಮಾಡಿಸಿದ್ದೇನೆ. ಅಂಗಡಿಯಲ್ಲಿ ಬೆಲ್ಲದ ಡಬ್ಬಿಯ ಮೇಲೆ ಇಟ್ಟಿದ್ದೇನೆ. ಯಾವಾಗ ಬೇಕಾದರೂ ಬಂದು ತಗೊಂಡು ಹೋಗು. ಶನಿವಾರ ರಾತ್ರಿಯೇ ಬಂದರೆ ನಮ್ಮ ಮನೆಯಲ್ಲೇ ಮಲಗಬಹುದು. ಬೆಳಿಗ್ಗೆ ಐದಕ್ಕೆ ಎಬ್ಬಿಸುತ್ತೇನೆ. ರೊಟ್ಟಿ, ಶೇಂಗಾ ಹಿಂಡಿ, ಮೊಸರು ಕಟ್ಟಿಕೊಡಲು ನಮ್ಮಾಕೆ ಒಪ್ಪಿದ್ದಾಳೆ. ಗಾಡಿ ನಮ್ಮ ಅಂಗಳದಲ್ಲಿ ನಿಲ್ಲಿಸು.

ಇಂತಿ,
ಡಂಬಳದ ಕಿರಾಣಿ ಅಂಗಡಿಯವನು